ದಾರಿ ಕಟ್ಟಿದ ಸರದಾರ

26 ಜೂನ್ 2025, ಗುರುವಾರ. ಬೆಟಗೇರಿ

ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದಿವೆ. ತರುವುದು ಮತ್ತೆ ಮರೆತೆ. ಶಿವಲಕ್ಷ್ಮಿ ಬೆಳಗಿನ ಚಹಾಕ್ಕೇ ಶುರು ಮಾಡಿದಳು — "ಊರ ಮಂದಿ ಅರ್ಜಿ ಎಲ್ಲಾ ನೆನಪಿರ್ತಾವ ನಿಮಗ, ನಿಮ್ಮ ಗುಳಿಗಿ ಅಷ್ಟ ನೆನಪಿರೂದಿಲ್ಲ." ಹೆಂಡತಿ ಹೇಳಿದ್ದು ಖರೆ. ಹತ್ತು ವರ್ಷದಿಂದ ಪೊಲೀಸ್ ಸ್ಟೇಷನ್ನಿನ ರೈಟರ್. ಬರುವ ಸಾಹೇಬರೆಲ್ಲ "ಈಶಪ್ಪನ ಅಕ್ಷರ ಮುತ್ತು" ಎಂದು ಹೊಗಳಿ ಹೊಗಳಿ ಎಲ್ಲ ಬರವಣಿಗೆ ನನ್ನ ತಲೆಗೇ ಕಟ್ಟುತ್ತಾರೆ. ಹೊಗಳಿದರೆ ಹೆಡ್ ಕಾನ್ಸ್‌ಟೇಬಲ್ ಎಂಬ ಕತ್ತೆ ಎಷ್ಟಾದರೂ ಹೊರುತ್ತದೆ ಎಂದು ಅವರಿಗೆ ಗೊತ್ತು. ಅಕ್ಟೋಬರಿಗೆ ರಿಟೈರ್. ಆಮೇಲೆ ಪೆನ್ನು ಮುಟ್ಟುವುದಿಲ್ಲ — ಈ ಡೈರಿ ಬಿಟ್ಟು.

ಸಂಜೆ ಊರಿನಿಂದ ಅಮೀನಬಿ ಚಾಚಿಯ ಫೋನ್. "ಚಂದ್ರ ಕಂಡಾನ ತಮ್ಮಾ. ಈ ಸಲಾನರ ಪದಾ ಬರಕೊಂತಿಯೋ, ನಾ ಸತ್ತ ಮ್ಯಾಲ ಬರ್ತಿಯೋ?" ಎಂಬತ್ತು ದಾಟಿದ ಮುದುಕಿ, ನಮ್ಮೂರ ಮೊಹರಂ ದೇವರ ಸೇವೆ ಮಾಡುವ ಮುಜಾವರ ಮನೆಯ ಹಿರಿಯಳು. ಊರು ಡಂಬಳದ ಆಚೆ. ಅಲ್ಲಿ ಮುಸ್ಲಿಮರ ಮನೆ ಏಳು. ಮೊಹರಂ, ಅಂದರೆ ನಮ್ಮ ಅಲಾಯಿ ಹಬ್ಬ, ಮಾತ್ರ ಇಡೀ ಊರಿನದು. ಹರಕೆ ಹೊತ್ತು ಫಕೀರರಾಗುವವರು ನಾವು ಹಿಂದೂಗಳು, ಹೆಜ್ಜೆ ಹಾಕುವವರು ನಾವು, ಪದ ಹಾಡುವವರೂ ನಾವೇ. ಹುರ್ ಸರದಾರನ ಪದ ಪೂರ್ತಿ ಬರುವುದು ಈಗ ಚಾಚಿಗೊಬ್ಬಳಿಗೇ. ರವಿವಾರ ಹೋಗಿ ಬರೆದುಕೊಳ್ಳಬೇಕು. ಗುಳಿಗೆಯನ್ನೂ ತರಬೇಕು.

29 ಜೂನ್, ರವಿವಾರ. ಊರು

ವೈನಿಯ ಕೈಯ ರೊಟ್ಟಿ, ಹೆಸರುಕಾಳಿನ ಪಲ್ಯ. ಅಣ್ಣ ಹೋಗಿ ಹದಿನೆಂಟು ವರ್ಷವಾದರೂ ಕಳಕವ್ವ ವೈನಿ ಮನೆಯನ್ನು ಒಂದು ಇಟ್ಟಿಗೆ ಅಲುಗದ ಹಾಗೆ ಇಟ್ಟುಕೊಂಡಿದ್ದಾಳೆ. ಅಣ್ಣನ ಮಗ ಹೊನ್ನೇಶ ಈಗ ಇಪ್ಪತ್ತಾರರವ. ನಮಗೆ ಮಕ್ಕಳಾಗಲಿಲ್ಲ. ಇವನನ್ನು ಶಾಲೆಗೆ ಹಾಕಿದ್ದು, ಐಟಿಐ ಓದಿಸಿದ್ದು, ಗಾಡಿ ಕಲಿಸಿದ್ದು ಎಲ್ಲ ನಾನು. ಕೂಸಿದ್ದಾಗ ಜಡ್ಡು ಬಿದ್ದು, ವೈನಿ ಅಲಾಯಿ ದೇವರಿಗೆ ಬೇಡಿಕೊಂಡಿದ್ದಳು. ಅಂದಿನಿಂದ ಪ್ರತಿವರ್ಷ ಫಕೀರನಾಗುತ್ತಾನೆ. ಕೊರಳಿಗೆ ಕೆಂಪು ಲಾಡಿ. ಐದು ವರ್ಷವಾಯಿತು, ದೊಡ್ಡ ದೇವರ ಗಳ ಹೊರುವವನು ಅವನೇ. ಎರಡಾಳು ಎತ್ತರದ ಬಿದಿರು, ತುದಿಗೆ ಬೆಳ್ಳಿಯ ಪಂಜಾ, ಮೈತುಂಬ ಜನ ಸುತ್ತಿದ ಬಟ್ಟೆ. ಅಗಸಿ ಓಣಿಯ ನಮ್ಮ ಮನೆ ಬಾಗಿಲಿಗೆ ದೇವರು ಬಂದಾಗ ವೈನಿ ಮಗನ ಕಾಲಿಗೇ ಕೊಡ ನೀರು ಸುರಿದು ಕೈ ಮುಗಿಯುತ್ತಾಳೆ. ಆ ಒಂದು ದಿನ ಅವನು ಮಗನಲ್ಲ.

ಮಧ್ಯಾಹ್ನ ಚಾಚಿಯ ಮನೆಯಲ್ಲಿ. ಪದಕ್ಕಿಂತ ಮೊದಲು ಕಥೆ ಹೇಳುವುದು ಅವಳ ಪದ್ಧತಿ.

"ಹುರ್ ಅಂದ್ರ ಸಣ್ಣಾಂವಲ್ಲ ತಮ್ಮಾ. ಕೂಫಾ ಪಟ್ಟಣದ ಸರದಾರ. ಅವನ ಹೆಸರ ಕೇಳಿದ್ರ ಗಂಡಸ್ರು ದಾರಿ ಬಿಡ್ತಿದ್ರು. ದೊರಿ ಹೇಳಿ ಕಳಿಸಿದ — ಪೈಗಂಬರರ ಮೊಮ್ಮಗ ಹುಸೇನರು ಬರಾಕತ್ಯಾರ, ಹೋಗಿ ದಾರಿ ಕಟ್ಟು. ಸಾವಿರ ಕುದರಿ ತಗೊಂಡು ಹೋದ. ಬಿಸಲು ಅಂದ್ರ ಬಿಸಲು. ಮಂದಿ, ಕುದರಿ ಎಲ್ಲಾ ನೀರಿಲ್ದ ನಾಲಿಗಿ ಹೊರಗ ಹಾಕಿದ್ವು. ಹುಸೇನರು ನೋಡಿದ್ರು. ಏನಂದ್ರು ಗೊತ್ತೈತೇನು? ಮೊದಲ ನೀರ ಕೊಡ್ರಿ ಅಂದ್ರು. ಕುದರಿಗೂ ಕುಡಿಸ್ರಿ ಅಂದ್ರು. ಕುಡದ. ಅವರ ಹಿಂದ ನಿಂತು ನಮಾಜನೂ ಮಾಡ್ದ. ಆಮ್ಯಾಲ ಎದ್ದು ದಾರಿಗೆ ಅಡ್ಡ ನಿಂತ."

ಬರೆದುಕೊಂಡೆ —

ಸಾವಿರ ಕುದುರಿಯ ಸರದಾರ ಬಂದಾನ
ದಾರೀಗಿ ಅಡ್ಡ ನಿಂತಾನ
ಬಾಯಾರಿ ಬಂದಾಗ ನೀರ ಕೊಟ್ಟವರನ್ನ
ನೀರಿಲ್ಲದ ಬಯಲಿಗಿ ತಿರುವ್ಯಾನ

ಸಣ್ಣವನಿದ್ದಾಗ ದಾರಿ ಕಟ್ಟುವ ತನಕ ಹಾಡುತ್ತಿದ್ದವನು ನಾನು. ಮುಂದೆ ಹುರ್ ಮನಸ್ಸು ತಿರುಗಿ ಹುಸೇನರ ಕಡೆ ಬರುವ ಭಾಗ ಚಾಚಿಯ ಮಗ ದಾವಲಸಾಬನದು. ಅವನ ದನಿ ಕೇಳಿ ಹೆಂಗಸರು ಅಳುತ್ತಿದ್ದರು. ನನ್ನ ದನಿಗೆ ನಾಯಿ ಬೊಗಳುತ್ತಿದ್ದವು. ಉಳಿದದ್ದನ್ನು ಹಬ್ಬ ಮುಗಿದು ದೇವರು ಹೊಳೆಗೆ ಹೋದ ಮೇಲೆ ಹೇಳುತ್ತೇನೆ ಎಂದಳು ಚಾಚಿ.

1 ಜುಲೈ, ಮಂಗಳವಾರ

ಠಾಣೆಯಲ್ಲಿ ಶಾಂತಿ ಸಭೆ. ಹೆಸರು ಶಾಂತಿ, ಒಳಗೆಲ್ಲ ಗುದ್ದಾಟ. ಅಗಸಿ ಓಣಿಯಲ್ಲಿ ಹೊಸ ಮಾಳಿಗೆ ಕಟ್ಟಿಸಿದ ಅಂದಾನಪ್ಪ ಶೆಟ್ಟರು ಇಪ್ಪತ್ತು ಜನರ ಸಹಿ ತಂದಿದ್ದರು. "ನಮ್ಮ ಗುಡಿ ಮುಂದ ಅವರ ದೇವ್ರು ಹಾಯಬಾರ್ದು ನೋಡ್ರಿ. ಹಾಯ್ದ್ರ ಮುಂದಿಂದಕ್ಕ ನಾವು ಜವಾಬ್ದಾರಲ್ಲ." ನೂರು ವರ್ಷ ಹಾಯ್ದ ದಾರಿ. ಇವರಪ್ಪನೇ ಫಕೀರನಾಗಿ ಕುಣಿದದ್ದು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಬೇಕೆನಿಸಿತು. ಸಾಹೇಬರು ನನ್ನ ಕಡೆ ನೋಡಿದರು. ಪೆನ್ನಿನ ಕಡೆ ನೋಡಿದೆ.

ದಾವಲಸಾಬ ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಊರಾಗ ಜಗಳ ಬ್ಯಾಡ್ರಿ ಸಾಹೇಬ್ರ. ನೀವು ಎಲ್ಲಿ ಅಂತೀರಿ ಅಲ್ಲಿ ಹೋಗ್ತೇವ್ರಿ." ಠರಾವು ಆಯಿತು — ಈ ವರ್ಷ ದೇವರು ಹಳ್ಳದ ದಾರಿಯಿಂದ ಹೋಗುವುದು. ಅಗಸಿ ಓಣಿಗೆ ಬ್ಯಾರಿಕೇಡ್. ನಡಾವಳಿ ಬರೆದವನು ನಾನು. ಮುತ್ತಿನಂಥ ಅಕ್ಷರ.

ನನಗೆ ನಾಚಿಕೆಯಾಗಿದೆ. ಬರೆದಿಡುತ್ತೇನೆ.

3 ಜುಲೈ, ಗುರುವಾರ

ಕೆಲಸವೋ ಕೆಲಸ. ಎರಡು ಜಗಳ, ಒಂದು ಕಳವು, ಮೇಲಿನವರಿಗೆ ಬಂದೋಬಸ್ತ್ ಪಟ್ಟಿ. ನಡುವೆ ದಾವಲಸಾಬ ಬಂದ. ಮೆರವಣಿಗೆ ಹೊತ್ತಿಗೆ ಕರೆಂಟ್ ತೆಗೆಯುವಂತೆ ಅರ್ಜಿ ಬರೆದುಕೊಡಬೇಕಂತೆ. ಅವನಿಗೆ ಸಹಿಯಷ್ಟೇ ಬರುತ್ತದೆ. ಪ್ರತಿವರ್ಷ ನಾನೇ ಬರೆದುಕೊಡುವುದು. ಹೋದ ವರ್ಷದ್ದು ಫೈಲಿನಲ್ಲಿತ್ತು. ಅದನ್ನೇ ನೋಡಿ ಇಳಿಸಿ, ತಾರೀಖು ಬದಲಿಸಿ, ಸಹಿ ಮಾಡಿಸಿ ಕಳಿಸಿದೆ. ತಲೆ ತಿನ್ನುತ್ತಾನೆ ಬೇರೆ, ಬೈದು ಅಟ್ಟಬೇಕಾಯಿತು.

ಗುಳಿಗೆ ತಂದೆ.

5 ಜುಲೈ, ಶನಿವಾರ. ಊರು

ನಾಳೆಯ ಬಂದೋಬಸ್ತಿಗೆ ಇಂದೇ ಬಂದೆ. ಬ್ಯಾರಿಕೇಡಿಗೆ ನನ್ನನ್ನೇ ಹಾಕಿದ್ದಾರೆ. ಸಾಹೇಬರ ಲೆಕ್ಕ ಸರಿ — "ನಿಮ್ಮೂರು, ನಿಮ್ಮ ಮಂದಿ. ನೀವು ನಿಂತ್ರ ಯಾರೂ ಹಾಯೂದಿಲ್ಲ."

ಹೊನ್ನೇಶ ಹಬ್ಬದ ಸಿಹಿ ಚೊಂಗೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ನಕ್ಕ. "ಕಾಕಾ, ನಾಳೆ ನೀನ ಹುರ್ ನೋಡು. ದಾರಿ ಕಟ್ಟಾಂವ."

"ಬಾಯಿ ಮುಚ್ಚಲೇ."

"ಕಟ್ಟು ಕಟ್ಟು. ಮುಂದ ನಮ್ಮ ಕಡೇನ ಬರ್ತಿಯಲ್ಲ!"

ವೈನಿ ಅವನ ಬೆನ್ನಿಗೆ ಒಂದು ಗುದ್ದಿದಳು. ಅವಳಿಗೆ ಬೇರೆಯದೇ ಚಿಂತೆ. ದೇವರು ಓಣಿಗೆ ಬರದಿದ್ದರೆ ನೀರು ಎಲ್ಲಿ ಸುರಿಯುವುದು? ಹಳ್ಳದ ದಾರಿಗೆ ಬಾ ಎಂದರೆ ಒಲ್ಲಳು. "ಬಾಗಲಾಗ ಹಾಕೂ ನೀರು ಬಾಗಲಾಗ ಹಾಕಬೇಕು. ಬಂದ್ರ ಬರ್ಲಿ, ಇಲ್ಲಾಂದ್ರ ಇಲ್ಲ. ನಾ ಅಂತೂ ತುಂಬಿದ ಕೊಡ ಹಿಡದು ನಿಂದ್ರಾಕಿನ."

6 ಜುಲೈ

ಹೊನ್ನೇಶ ಹೋದ.

8 ಜುಲೈ, ಮಂಗಳವಾರ. ಊರು

ಬರೆಯದಿದ್ದರೆ ತಲೆ ಸಿಡಿಯುತ್ತದೆ. ಬರೆಯುತ್ತೇನೆ.

ರವಿವಾರ ಸಂಜೆ ನಾಲ್ಕೂವರೆ. ಜಿಟಿಜಿಟಿ ಮಳೆ. ಓಣಿಯ ಬಾಯಿಗೆ ಬ್ಯಾರಿಕೇಡ್, ಅದರ ಮುಂದೆ ನಾನು. ಹಲಗೆಯ ಬಡಿತ ಹತ್ತಿರವಾಯಿತು. ದೇವರು ಬಂದವು. ಎಲ್ಲಕ್ಕಿಂತ ಮುಂದೆ ಹೊನ್ನೇಶ. ಕಣ್ಣು ಮೇಲೆ, ಮೈತುಂಬ ಬೆವರು, ಅದರ ಮೇಲೆ ಮಳೆ. ಸೀದಾ ನನ್ನ ಕಡೆಗೇ ತಿರುಗಿದ.

"ಬಿಡು ಕಾಕಾ. ದೇವ್ರು ಈ ಕಡೆ ಎಳೀತೈತಿ."

"ಹಳ್ಳದ ಕಡೆ ನಡಿ."

"ಎಳೀತೈತಿ ಕಾಕಾ."

ನನ್ನ ಹಿಂದೆ, ಓಣಿಯೊಳಗೆ ಅಂದಾನಪ್ಪನ ಮಂದಿ ಕಲ್ಲು ಹಿಡಿದು ನಿಂತಿದ್ದರು. ನಾನು ಬಿಟ್ಟಿದ್ದರೆ ಕಲ್ಲು ಬೀಳುತ್ತಿದ್ದವು. ಬೀಳಲಿ. ಕಲ್ಲು ಬಿದ್ದರೆ ತಲೆ ಒಡೆಯುತ್ತಿತ್ತು, ಹೊಲಿಗೆ ಹಾಕುತ್ತಿದ್ದರು. ಅವನ ರಟ್ಟೆ ಹಿಡಿದು ನಾನೇ ತಿರುಗಿಸಿದೆ. ಈ ಕೈಯಿಂದಲೇ. ಎರಡು ಸಲ ಜಗ್ಗಿ ಬಿಡಿಸಿಕೊಳ್ಳಲು ನೋಡಿದ, ಮೂರನೆಯ ಸಲ ಸಡಿಲಾದ. ನಾನು ಹೇಳಿದ ಕಡೆ ಹೋದ.

ಹಳ್ಳದ ದಾರಿಯಲ್ಲಿ ಹೊಲದ ಪಂಪ್‌ಸೆಟ್ಟಿನ ತಂತಿ ಜೋತುಬಿದ್ದಿದೆ. ಎಲ್ಲರಿಗೂ ಗೊತ್ತು. ಆದರೆ ಕರೆಂಟ್ ತೆಗೆದಿದ್ದಾರೆ ಎಂದು ಎಲ್ಲರ ನಂಬಿಕೆ. ಓಣಿಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲವಲ್ಲ. ತೆಗೆದದ್ದು ಊರ ಲೈನು. ಪಂಪ್‌ಸೆಟ್ಟಿನದು ಬೇರೆ ಲೈನಂತೆ. ಒದ್ದೆ ಬಿದಿರು, ಒದ್ದೆ ಬಟ್ಟೆ, ತುದಿಗೆ ಬೆಳ್ಳಿ... ಠಪ್ ಎಂದು ಒಂದು ಸಪ್ಪಳ. ಹಲಗೆ ನಿಂತಿತು.

ನಾನು ಓಡಿದೆ. ಏನೂ ಉಳಿದಿರಲಿಲ್ಲ. ತಿರುಗಿ ಬರುವಾಗ ವೈನಿ ಬಾಗಿಲಲ್ಲಿ ತುಂಬಿದ ಕೊಡ ಹಿಡಿದು ನಿಂತಿದ್ದಳು. "ದೇವ್ರು ಬಂತೇನು?" ಎಂದು ಕೇಳಿದಳು.

ನಿನ್ನೆ ಅಣ್ಣನ ಪಕ್ಕದಲ್ಲಿ ಮಣ್ಣು ಮಾಡಿದೆವು.

10 ಜುಲೈ, ಗುರುವಾರ

ಅಂದಾನಪ್ಪ ದೂರು ಕೊಟ್ಟಿದ್ದಾನೆ. ದಾವಲಸಾಬ ಬೇಕೆಂದೇ ಹಿಂದೂ ಹುಡುಗನ ಕೈಗೆ ಗಳ ಕೊಟ್ಟು ಕರೆಂಟಿನ ದಾರಿಗೆ ಕಳಿಸಿದನಂತೆ. ಕೇಳಿದರೆ ನಗು ಬರಬೇಕಾದ ಮಾತು. ಊರಲ್ಲಿ ಯಾರೂ ನಗಲಿಲ್ಲ. ದಾವಲಸಾಬನನ್ನು ಒಳಗೆ ಹಾಕಿದ್ದಾರೆ. ಅವರ ಮನೆಗೆ ಕಲ್ಲು ಬಿದ್ದವು. ವೈನಿ ಬೀದಿಯಲ್ಲಿ ನಿಂತು ಅಮೀನಬಿ ಚಾಚಿಯ ಮೇಲೆ ಹಿಡಿ ಹಿಡಿ ಮಣ್ಣು ತೂರಿದಳು. "ನನ್ನ ಮಗನ್ನ ನುಂಗಿದ್ರಿ, ನಿಮ್ಮ ಮನಿ ಹಾಳಾಗ್ಲಿ!" ಚಾಚಿ ತಲೆ ಬಗ್ಗಿಸಿ ನಿಂತಿದ್ದಳು, ಸೆರಗಿನ ತುಂಬ ಮಣ್ಣು. ನಾನು ವೈನಿಯನ್ನು ಹಿಡಿದುಕೊಂಡೆ. ಏನೂ ಹೇಳಲಿಲ್ಲ. ಚಾಚಿಯನ್ನು ಮೊಮ್ಮಗಳು ಜಾಸ್ಮಿನ ಬಂದು ಲಕ್ಷ್ಮೇಶ್ವರಕ್ಕೆ ಕರೆದೊಯ್ದಳು.

11 ಜುಲೈ, ಶುಕ್ರವಾರ. ಠಾಣೆಯಿಂದ ಬಂದ ಮೇಲೆ

ಕೇಸಿನ ಫೈಲ್ ನನ್ನ ಟೇಬಲ್ಲಿಗೇ ಬಂತು. ರೈಟರ್ ಅಲ್ಲವೇ. ಲೈನ್‌ಮ್ಯಾನ್ ಪರಶುರಾಮನ ಹೇಳಿಕೆ — ಅರ್ಜಿಯಲ್ಲಿ ಅಗಸಿ ಓಣಿ ಎಂದಿತ್ತು, ಅದಕ್ಕೇ ಊರ ಲೈನು ತೆಗೆದೆ, ಹಳ್ಳದ ದಾರಿಯ ಸುದ್ದಿ ನನಗೆ ಯಾರೂ ಹೇಳಲಿಲ್ಲ. ಕೆಳಗೆ ಅರ್ಜಿಯನ್ನು ಲಗತ್ತಿಸಿದ್ದರು.

ನನ್ನ ಅಕ್ಷರ.

"ದೇವರುಗಳು ಎಂದಿನಂತೆ ಅಗಸಿ ಓಣಿಯಿಂದ ಹಾಯ್ದು ಹೋಗುವುದರಿಂದ..." ಎಂದಿನಂತೆ! ಅದಕ್ಕೆ ಎರಡೇ ದಿನ ಮೊದಲು ಹೊಸ ದಾರಿಯ ಠರಾವು ಬರೆದ ಕೈಯೇ ಹಳೆಯ ದಾರಿ ಇಳಿಸಿದೆ. ಅವತ್ತು ಡೈರಿಯಲ್ಲಿ ಬೈದು ಅಟ್ಟಿದೆ ಎಂದು ಬರೆದಿದ್ದೇನೆ. ಯಾಕೆ ಬೈದೆ ಎಂದು ಬರೆದಿಲ್ಲ. ಈಗ ಬರೆಯುತ್ತೇನೆ. ದಾವಲಸಾಬ ಎರಡು ಸಲ ಕೇಳಿದ್ದ — "ಅಣ್ಣಾ, ಹಳ್ಳದ ದಾರಿ ಬರದ್ರೇನ್ರಿ?" ನಾನು ತಲೆ ಎತ್ತದೆ ಹೇಳಿದ್ದೆ — "ಎಲ್ಲಾ ಐತಿ ಹೋಗಲೇ, ನನಗ ಕಲಸ್ತಿಯೇನು?"

ಹೊನ್ನೇಶನನ್ನು ಕೊಂದದ್ದು ನಾನು. ಮೊದಲು ಪೆನ್ನಿನಿಂದ, ಆಮೇಲೆ ಕೈಯಿಂದ.

ಸಾಹೇಬರ ಮುಂದೆ ಹೋಗಿ ಹೇಳಿದೆ. ಬಾಗಿಲು ಹಾಕಿಸಿದರು. "ಅಕ್ಷರ ಯಾರದರ ಇರ್ಲಿ, ಸಹಿ ಯಾರದೈತಿ? ಬರದುಕೊಟ್ಟಾಂವ ಯಾರು ಅಂತ ಅವನೂ ಹೇಳಿಲ್ಲ. ನಿಮ್ಮ ಮಗ ಹೋಗ್ಯಾನ, ತಲಿ ಕೆಟ್ಟೈತಿ. ಮನಿಗೆ ಹೋಗ್ರಿ. ಅಕ್ಟೋಬರ್ ಎಷ್ಟು ದೂರ ಐತಿ?"

ಮನೆಗೆ ಬಂದೆ. ಇದೇ ನನ್ನ ಶೌರ್ಯ.

13 ಜುಲೈ, ರವಿವಾರ. ಲಕ್ಷ್ಮೇಶ್ವರ

ಜಾಸ್ಮಿನ ಬಾಗಿಲು ತೆರೆದು, ನನ್ನನ್ನು ನೋಡಿ ಒಳಗೆ ಹೋದಳು. ಕುಂಡ್ರಿ ಎನ್ನಲಿಲ್ಲ. ಚಾಚಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ಎದ್ದು ಕುಳಿತಳು. ಕಾಲು ಹಿಡಿಯಲು ಬಗ್ಗಿದೆ, ಹಿಂದಕ್ಕೆ ಎಳೆದುಕೊಂಡಳು.

"ಅವನು ಯಾಕ ನನ್ನ ಹೆಸರ ಹೇಳಿಲ್ಲ ಚಾಚಿ?"

"ನಾನೂ ಜೇಲಿಗೆ ಹೋಗಿ ಅದನ್ನ ಕೇಳಿದ್ನಿ. ಅಂದ — ಈಶಪ್ಪಣ್ಣಗ ಇದ್ದಾಂವ ಒಬ್ಬ ಮಗ. ಹೋದ. ಅದರ ಮ್ಯಾಲ ನೀನ ಕೊಂದಿ ಅಂತ ನಾ ಹೆಂಗ ಹೇಳ್ಲವ್ವಾ, ಅಂದ." ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನನಗ ಸಿಟ್ಟ ಬಂತು ತಮ್ಮಾ. ಸುಳ್ಳ್ಯಾಕ ಹೇಳ್ಲಿ. ನಿನ್ನ ಮ್ಯಾಲೂ ಬಂತು, ಅವನ ಮ್ಯಾಲೂ ಬಂತು."

ಅತ್ತೆ. ಐವತ್ತೊಂಬತ್ತರ ಮುದಿ ಪೊಲೀಸ್, ಹಸುಗೂಸಿನ ಹಾಗೆ ಅತ್ತೆ. ಮುದುಕಿ ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯುವ ತನಕ ಕಾದು, ಉಳಿದ ಕಥೆ ಹೇಳಿದಳು.

"ಹತ್ತನೇ ದಿನ ಮುಂಜಾನಿ ಹುರ್ ನಡಗಾಕತ್ತ. ಬಾಜೂಕಿನಾಂವ ಕೇಳಿದ — ಏನಪಾ, ಕೂಫಾದಾಗ ಧೈರ್ಯವಂತ ಯಾರು ಅಂದ್ರ ನಿನ್ನ ಹೆಸರ ಹೇಳ್ತಿದ್ನಿ, ನೀನ ನಡಗ್ತಿ? ಹುರ್ ಅಂದ — ಸಾವಿಗೆ ಅಲ್ಲಪಾ, ನಾ ಮಾಡಿದ್ದಕ್ಕ ನಡಗಾಕತ್ತೇನಿ. ಕುದರಿ ಹೊಡದ. ಢಾಲು ತಿರುಮುರು ಹಿಡದು ಹುಸೇನರ ಮುಂದ ಹೋಗಿ ಇಳದ. ನಿಮ್ಮ ದಾರಿ ಕಟ್ಟಿದಾಂವ ನಾನ, ನಿಮ್ಮ ಮಕ್ಕಳು ನೀರಿಲ್ದ ಒದ್ದಾಡಾಕ ನಾನ ಕಾರಣ, ನನಗ ಮಾಫಿ ಐತೇನು? ಐತಿ, ಬಾ, ಅಂದ್ರು. ಎಲ್ಲಾರಕಿಂತ ಮೊದಲ ಹೋಗಿ ಸತ್ತ."

"ಅವನು ಬಂದದ್ದರಿಂದ ಹುಸೇನರು ಉಳದ್ರೇನು?"

"ಇಲ್ಲ. ಯಾರೂ ಉಳೀಲಿಲ್ಲ. ಕೂಸು ಸೈತ ಉಳೀಲಿಲ್ಲ."

"ಮತ್ತ ಅವನು ಬಂದು ಏನಾತು ಚಾಚಿ?"

"ಯಾರಿಗೂ ಏನೂ ಆಗ್ಲಿಲ್ಲ. ಆದ್ರೂ ಬಂದ." ಮತ್ತೆ ಗೋಡೆಗೆ ತಿರುಗಿದಳು. "ಹೋಗು. ಗುರುವಾರ ಗದಗಿನಾಗ ದೊಡ್ಡ ಸಾಹೇಬ್ರ ಮುಂದ ದಾವಲನ ಕೇಸಿನ ವಿಚಾರಣಿ ಐತಂತ."

ಬಸ್ಸಿನಲ್ಲಿ ಶಿರಹಟ್ಟಿ ದಾಟುವ ತನಕ ನನಗೆ ಕಿಟಕಿಯ ಆಚೆ ಏನೂ ಕಾಣಲಿಲ್ಲ.

14 ಜುಲೈ

ಶಿವಲಕ್ಷ್ಮಿಗೆ ಹೇಳಿದೆ. ಗುಳಿಗೆಯ ಡಬ್ಬಿ ಕೈಯಲ್ಲಿತ್ತು. ನಿಧಾನ ಮುಚ್ಚಿದಳು. "ವಿಚಾರಣಿ ಸಾಹೇಬ್ರಿಗೆ ಆಮ್ಯಾಲ ಹೇಳ್ರಿ. ಮೊದಲ ಕಳಕವ್ವ ಅಕ್ಕಗ ಹೇಳ್ರಿ. ಬ್ಯಾರೇದವರ ಬಾಯಿಂದ ಆಕಿ ಕೇಳಬಾರ್ದು." ನೌಕರಿಯ ಮಾತೇ ಎತ್ತಲಿಲ್ಲ. ಈ ಹೆಂಗಸಿನ ಮುಂದೆ ನಾನು ಮೂರು ಕಾಸಿಗೆ ಬಾಳುವುದಿಲ್ಲ.

ವಿಚಾರಣೆಗೆ ಹೆದರಿಕೆಯಿಲ್ಲ. ಸಸ್ಪೆಂಡ್ ಮಾಡಲಿ, ಒಳಗೆ ಹಾಕಲಿ. ವೈನಿಯ ಮುಂದೆ ಹೋಗಿ ನಿಲ್ಲುವುದಕ್ಕೇ ಹೆದರಿಕೆ.

16 ಜುಲೈ, ಬುಧವಾರ. ಊರು

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಮಂದಿ ಉಂಡು ಹೋದರು. ಅಂದಾನಪ್ಪನೂ ಉಂಡ. ಹೋಗುವಾಗ "ನಾಳೆ ವಿಚಾರಣ್ಯಾಗ ಗಟ್ಟಿ ನಿಂದರ್ರಿ, ಆ ದಾವಲಸಾಬನ್ನ ಬಿಡಬ್ಯಾಡ್ರಿ" ಎಂದು ನನ್ನ ಹೆಗಲು ತಟ್ಟಿದ. ತಟ್ಟಿದ ಜಾಗ ಈಗಲೂ ಉರಿಯುತ್ತಿದೆ.

ವೈನಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಎಲ್ಲ ಹೇಳಿದೆ. ಅರ್ಜಿ, ತಾರೀಖು, ದಾವಲಸಾಬ ಎರಡು ಸಲ ಕೇಳಿದ್ದು, ನಾನು ಬೈದದ್ದು. ತಿಕ್ಕುವ ಕೈ ನಿಲ್ಲಲಿಲ್ಲ. ಹೇಳಿ ಮುಗಿದ ಮೇಲೂ ಅದೇ ಚರಿಗೆಯನ್ನು ತಿಕ್ಕುತ್ತಿದ್ದಳು.

"ನನ್ನ ಮಗನ ರಟ್ಟಿ ಹಿಡದು ನೀ ತಿರುವಿದಿ ಅಂತ ಮಂದಿ ಹೇಳಿದ್ರು," ಅಂದಳು. "ನೌಕರಿ, ಏನ್ ಮಾಡ್ತಾನ ಅಂತ ನುಂಗಿದ್ನಿ. ಇದನ್ನ ಹೆಂಗ ನುಂಗ್ಲಿ?"

"ವೈನಿ..."

"ನಾ ಆ ಮುದುಕಿ ಮಾರಿಗೆ ಮಣ್ಣ ತೂರಿದ್ನಿ. ನನಗ ಬಾಣಂತನಾ ಮಾಡಿದಾಕಿಗೆ. ಹೊನ್ನೇಶನ್ನ ಮೊದಲ ಕೈಯಾಗ ಹಿಡದಾಕಿಗೆ. ನೀ ಬಾಜೂಕ ನಿಂತು ನೋಡಿದಿ."

"ಆಗ ನನಗ ಗೊತ್ತಿರಲಿಲ್ರಿ ವೈನಿ. ಮರುದಿನ ಗೊತ್ತಾತು."

"ಮರುದಿನದಿಂದ ಇವತ್ತಿನ ತನಕ ಎಷ್ಟು ದಿನಾ ಆದ್ವು?"

ಐದು. ಕಿರುಚಿದ್ದರೆ, ಆ ಚರಿಗೆಯಿಂದ ತಲೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಕೈ ತೊಳೆದುಕೊಂಡಳು.

"ನಾಳೆ ಹೋಗಿ ಹೇಳು. ದಾವಲ ಮನಿಗೆ ಬರಬೇಕು. ಹೇಳಿದ ಮ್ಯಾಲ ಈ ಹೊಸ್ತಲಾ ತುಳೀಬ್ಯಾಡ. ನಾ ಸತ್ರೂ ಬರಬ್ಯಾಡ."

ಕೊನೆಯ ಬಸ್ಸಿಗೆ ಬೆಟಗೇರಿಗೆ ಬಂದೆ.

17 ಜುಲೈ, ಗುರುವಾರ. ಬೆಳಿಗ್ಗೆ 6.20

ಹತ್ತಕ್ಕೆ ವಿಚಾರಣೆ. ಸಾಹೇಬರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಬಾಯಲ್ಲಿ ಹೇಳಲು ಹೋದರೆ ತೊದಲುತ್ತೇನೆ. ಬರೆದೇ ಕೊಡುತ್ತೇನೆ. ಅಲ್ಲಿ ಒಂದು ಪದವೂ ತಪ್ಪಬಾರದು, ಇಲ್ಲೊಮ್ಮೆ ಬರೆದು ನೋಡುತ್ತೇನೆ.

ನಾನು ಈಶಪ್ಪ, ವಯಸ್ಸು 59, ಉದ್ಯೋಗ ಹೆಡ್ ಕಾನ್ಸ್‌ಟೇಬಲ್, ಸ್ವಇಚ್ಛೆಯಿಂದ ಬರೆದುಕೊಡುವ ಹೇಳಿಕೆ. ದಿನಾಂಕ 3-7-2025ರ ಅರ್ಜಿಯನ್ನು ಬರೆದವನು ನಾನು. ದಾವಲಸಾಬನಿಗೆ ಓದಲು ಬರುವುದಿಲ್ಲ. ಹೊಸ ದಾರಿ ಬರೆದಿರೇನೆಂದು ಅವನು ಎರಡು ಸಲ ಕೇಳಿದರೂ ನಾನು ಬರೆಯಲಿಲ್ಲ. ಆ ದಾರಿಗೆ ಮೃತನನ್ನು ಕೈ ಹಿಡಿದು ತಿರುಗಿಸಿದವನೂ ನಾನೇ. ಇದರಲ್ಲಿ ದಾವಲಸಾಬನ ತಪ್ಪು ಏನೂ ಇಲ್ಲ. ಮೃತ ಹೊನ್ನೇಶನು ನನಗೆ ಸಂಬಂಧದಲ್ಲಿ...